ಮೊದಲನೆಯ ‘ಬೇಡ’

ಊಟಕ್ಕೆ ಕುಳಿತಾಗ ನಾನು ಮೊದಲ ಸಲ ‘ಬೇಡ’ ಅನ್ನುವುದು ಬೇಡವಾಗಿ ಅಲ್ಲ. ಇಷ್ಟು ವಯಸ್ಸಾದ ಮೇಲೆ ಇದನ್ನು ಬರೆದು ಹೇಳಬೇಕಾಗಿ ಬಂತಲ್ಲ ಎಂದು ನನಗೇ ನಗು ಬರುತ್ತದೆ. ನೀವು ನಮ್ಮ ಕುಮಟೆಯ ಕಡೆಯವರಾದರೆ, ಇದರಲ್ಲಿ ಹೇಳುವುದಕ್ಕೆ ಏನಿದೆ ಎಂದು ಕೇಳುತ್ತೀರಿ. ಬಡಿಸುವವರು ಸೌಟು ಹಿಡಿದು ಎದುರಿಗೆ ನಿಂತರೆ ‘ಬೇಡ, ಬೇಡ, ಸಾಕು’ ಎನ್ನುವುದು ನಮಗೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಷ್ಟು ಸಹಜ. ಯಾರೂ ಕಲಿಸಿದ್ದಲ್ಲ, ಯಾರೂ ಅದನ್ನು ನಂಬುವುದೂ ಇಲ್ಲ.

ನೀವು ಬೇರೆ ಕಡೆಯವರಾದರೆ ಸ್ವಲ್ಪ ವಿವರಿಸಬೇಕಾಗುತ್ತದೆ. ಈ ‘ಬೇಡ’ಗಳಲ್ಲಿ ತರತಮವಿದೆ. ಬಾಯಲ್ಲಿ ಬೇಡ ಎಂದು ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರೆ, ‘ನನ್ನನ್ನು ಮನೆಯವರು ಚೆನ್ನಾಗಿ ಬೆಳೆಸಿದ್ದಾರೆ’ ಎಂದಷ್ಟೇ ಅದರ ಅರ್ಥ. ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರೆ ಬೆರಳುಗಳ ನಡುವೆ ಸಂದಿ ಎಷ್ಟಿದೆ ಎಂದು ಬಡಿಸುವವರು ನೋಡಬೇಕು. ಪಾಯಸ ಇಳಿಯುವಷ್ಟು ಸಂದಿ ಇದ್ದರೆ ಧೈರ್ಯವಾಗಿ ಬಡಿಸಬಹುದು. ಎರಡೂ ಕೈ ಚಾಚಿ ಎಲೆಯ ಮೇಲೆ ಬಗ್ಗಿಕೊಂಡವರಿಗೆ ಮಾತ್ರ ನಿಜವಾಗಿಯೂ ಬೇಡ. ಅಂಥವರಿಗೂ ಬಡಿಸಿ ಹೋಗುವ ಘಟಾನುಘಟಿಗಳಿದ್ದಾರೆ. ನನ್ನ ಮದುವೆಯ ಊಟದಲ್ಲಿ ಸಂತೆಗುಳಿಯ ಹಿರಿಯರೊಬ್ಬರು, ನಾನು ಎಲೆ ಮುಚ್ಚಿ ಹಿಡಿದಿದ್ದ ಅಂಗೈಯ ಮೇಲೆಯೇ ಒಂದು ಜಿಲೇಬಿ ಇಟ್ಟು ಮುಂದಕ್ಕೆ ಹೋದರು. ಕೈ ತೆಗೆದು ನೋಡಿದರೆ ಕೆಳಗೆ ಇನ್ನೊಂದಿತ್ತು. ಅದನ್ನು ಅವರು ಯಾವಾಗ ಇಟ್ಟರು ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಆ ಹಿರಿಯರ ವಂಶದವಳೇ ನನ್ನ ಹೆಂಡತಿ ಸುನಂದೆ. ಒತ್ತಾಯ ಮಾಡುವುದರಲ್ಲಿ ಅವಳದ್ದು ಬೇರೆಯದೇ ದಾರಿ. ಅವಳು ಜೋರು ಮಾಡುವುದಿಲ್ಲ, ಆಣೆ ಹಾಕುವುದಿಲ್ಲ. ಪಾತ್ರೆ ಹಿಡಿದು ನಿಂತು, ಬೇರೆ ಏನೋ ಮಾತು ತೆಗೆಯುತ್ತಾಳೆ. ಪೇಟೆಯಲ್ಲಿ ಹೆಣೆದು ತೂಗುಹಾಕುವ ಈರುಳ್ಳಿಯ ಜಡೆಗೆ ಎಷ್ಟು ಹೇಳುತ್ತಿದ್ದಾರೆ, ರೈಲು ಇವತ್ತೂ ತಡವಂತೆ, ಹೀಗೆ. ನೀವು ರೈಲಿನ ವಿಷಯಕ್ಕೆ ಉತ್ತರ ಕೊಟ್ಟು ತಲೆ ತಗ್ಗಿಸಿದರೆ ಅನ್ನದ ಮೇಲೆ ಹುಳಿ ಬಿದ್ದಾಗಿರುತ್ತದೆ.

ನನ್ನ ಕಸುಬಿನಲ್ಲೂ ಮೊದಲ ಉತ್ತರಕ್ಕೆ ಬೆಲೆಯಿಲ್ಲ. ಕುಮಟೆಯ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸಿ, ಗೋಡೆಯ ಮೇಲಿನ ಅಕ್ಷರ ತೋರಿಸಿ ‘ಈಗ ಕಾಣುತ್ತದಾ?’ ಎಂದು ಕೇಳಿದರೆ ನಮ್ಮ ಜನ ‘ಕಾಣ್ತದೆ, ಕಾಣ್ತದೆ’ ಅನ್ನುತ್ತಾರೆ. ಕಾಣುವುದಿಲ್ಲ ಎಂದರೆ ನನಗೆ ಬೇಜಾರಾದೀತು ಎಂಬ ದಾಕ್ಷಿಣ್ಯ. ಎರಡನೇ ಸಲ ಕೇಳಿದರೆ ಕೆಳಗಿನ ಸಾಲು ಸ್ವಲ್ಪ ಮಬ್ಬು ಅನ್ನುತ್ತಾರೆ. ಇನ್ನೊಮ್ಮೆ ಕೇಳಿದರೆ ಮೇಲಿನ ಸಾಲೂ ಅಷ್ಟಕ್ಕಷ್ಟೆ ಎಂಬುದು ಹೊರಗೆ ಬರುತ್ತದೆ. ಒಂದೇ ಸಲ ಕೇಳಿ ಕನ್ನಡಕ ಕೊಟ್ಟಿದ್ದರೆ ಅರ್ಧ ತಾಲೂಕು ಇಷ್ಟು ಹೊತ್ತಿಗೆ ಚರಂಡಿಗೆ ಬಿದ್ದಿರುತ್ತಿತ್ತು.

ಇಷ್ಟೆಲ್ಲ ತಿಳಿದವನಿಗೆ ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಮನಸ್ಸು ಮಂಕಾಯಿತು. ಹೇಗೆ, ಯಾವ ದಿನ ಎಂದು ಹೇಳಲು ಬರುವುದಿಲ್ಲ. ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ, ಅಂಗಡಿ ನಡೆಯುತ್ತಿತ್ತು, ಯಾರ ಜೊತೆಗೂ ಜಗಳವಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ದೊಡ್ಡ ಕೆಲಸ ಎನ್ನಿಸತೊಡಗಿತು. ಅಂಗಡಿಯಲ್ಲಿ ಗಿರಾಕಿ ಬಂದು ನಿಂತರೆ ಇವರು ಬೇಗ ಹೋದರೆ ಸಾಕು ಅನ್ನಿಸುತ್ತಿತ್ತು. ಊಟಕ್ಕೆ ಕುಳಿತರೆ ಹುಳಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಲ್ಲವರು ದಾರಿಯಲ್ಲಿ ಹಿಡಿದು ನಿಲ್ಲಿಸಿ, “ಎಂತ ಆತು ಮಾರಾಯ್ರೆ, ಸೊರಗಿದ್ದೀರಲ್ಲ?” ಎಂದು ಕೇಳುವರು. ಅವರಿಗೆ ಕೊಡಲು ನನ್ನಲ್ಲಿ ಒಂದು ಕಾರಣವೂ ಇರಲಿಲ್ಲ. ಕಾರಣವಿಲ್ಲದೆ ದುಃಖಪಡುವುದು ಟಿಕೆಟಿಲ್ಲದೆ ಬಸ್ಸಿನಲ್ಲಿ ಕುಳಿತಂತೆ ನಾಚಿಕೆಯ ವಿಷಯ. ಕೊನೆಗೆ ಮಂಡಿನೋವು ಎಂದು ಹೇಳತೊಡಗಿದೆ. ಅದನ್ನು ಎಲ್ಲರೂ ಒಪ್ಪಿದರು. ಬಗೆಬಗೆಯ ಎಣ್ಣೆ ಮನೆಗೆ ಬಂತು.

ಸುನಂದೆ ಮಂಡಿಯ ಕಥೆಯನ್ನು ನಂಬಲಿಲ್ಲ. ಒಂದು ದಿನ ನನ್ನನ್ನು ಬಸ್ಸು ಹತ್ತಿಸಿ ಹೊನ್ನಾವರಕ್ಕೆ, ಅಲ್ಲಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ಹೊನ್ನಾವರವೇ ಆಗಬೇಕು ಎಂದವನು ನಾನು. ಕುಮಟೆಯವರ ಕಣ್ಣಿಗೆ ಬೀಳಬಾರದಲ್ಲ. ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ತಲೆ ಎತ್ತಿದರೆ, ಕಾದು ಕುಳಿತವರಲ್ಲಿ ಅರ್ಧಕ್ಕರ್ಧ ಜನರ ಮೂಗಿನ ಮೇಲೆ ನಾನೇ ಕೂರಿಸಿದ ಕನ್ನಡಕಗಳಿದ್ದವು. ಮುಖ ಮರೆತರೂ ಫ್ರೇಮು ಮರೆಯುವವನಲ್ಲ ನಾನು. ಅವರೂ ನನ್ನನ್ನು ಗುರುತಿಸಿದರು. ನಾವೆಲ್ಲ ಒಬ್ಬರನ್ನೊಬ್ಬರು ನೋಡೇ ಇಲ್ಲದ ಹಾಗೆ ಬಹಳ ಹೊತ್ತು ನೋಡಿಕೊಂಡು ಕುಳಿತೆವು. ಸುಳ್ಳೇಕೆ ಹೇಳಲಿ, ಎಷ್ಟೋ ವಾರಗಳ ಮೇಲೆ ಆವತ್ತು ನನಗೆ ಸ್ವಲ್ಪ ಹಗುರವಾಯಿತು.

ವೈದ್ಯೆ ಘಟ್ಟದ ಮೇಲಿನ ಯಾವುದೋ ಊರಿನವರು, ಚಿಕ್ಕ ವಯಸ್ಸಿನವರು. ಸಮಾಧಾನದಿಂದ ಕೇಳಿದರು. ಮಾತ್ರೆ ಬರೆದುಕೊಟ್ಟರು. ಸಂಜೆ ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿ ಎಂದರು. ತಿನ್ನುವುದಕ್ಕೆ ವಿಶೇಷವಾಗಿ ಏನಾದರೂ ಇದೆಯೇ ಎಂದು ಸುನಂದೆ ಕೇಳಿದ್ದಕ್ಕೆ, ಮನೆಯಲ್ಲಿ ದಿನಾ ಮಾಡುವುದೇ ಸಾಕು, ಸೊಪ್ಪು, ಕಾಳು, ಮೊಸರು, ಬಾಳೆಹಣ್ಣು, ಹೊಟ್ಟೆ ಖಾಲಿ ಬಿಡಬಾರದು ಅಷ್ಟೆ ಎಂದರು. ಆಮೇಲೆ ನಾನು ಮಾತ್ರೆ ಕೊಳ್ಳಲು ಹೊರಗೆ ಹೋದಾಗ ಸುನಂದೆಯನ್ನು ಕರೆದು ಇನ್ನೊಂದು ಮಾತು ಹೇಳಿದರಂತೆ: “ಊಟಕ್ಕೆ ಒತ್ತಾಯ ಮಾಡಬೇಡಿ. ಅವರಾಗಿಯೇ ಕೇಳಲಿ.” ಇದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದು ತಲೆಗೆ ಹೋಗುವುದಿಲ್ಲ.

ದಿನಾ ಮಾಡುವುದೇ ಸಾಕು ಎಂದರೆ ಯಾವ ಹೆಂಡತಿಗೆ ಸಮಾಧಾನವಾಗುತ್ತದೆ? ಮನೆಗೆ ಬಂದವಳೇ ಫೋನು ಹಿಡಿದಳು. ಮನಸ್ಸಿಗೆ ಒಳ್ಳೆಯದಾದ ತಿನಿಸುಗಳ ಬಗ್ಗೆ ಅದರೊಳಗೆ ಒಂದು ಸಮುದ್ರವೇ ಇದೆ. ಹೆಸರು ಕೇಳಿರದ ಹಣ್ಣು, ಬಾಯಲ್ಲಿ ನಿಲ್ಲದ ಬೀಜ, ನಮ್ಮ ಪೇಟೆಯ ದಿನಸಿ ಅಂಗಡಿಯವನು ‘ಎಂತ ಅದು?’ ಎಂದು ಎರಡು ಸಲ ಕೇಳಿ ಇಲ್ಲ ಎನ್ನುವಂಥವು. ಮೀನಂತೂ ಬಹಳ ಒಳ್ಳೆಯದಂತೆ. ಪಕ್ಕದ ಮನೆಯಿಂದ ಬಂಗಡೆಯ ಪರಿಮಳ ದಿನವೂ ಬಿಟ್ಟಿಯಾಗಿ ಬರುತ್ತದೆ, ಸಸ್ಯಾಹಾರಿಗಳಿಗೆ ಅಷ್ಟು ಸಾಲದೇ ಎಂದೆ. ಅವಳು ನಗಲಿಲ್ಲ. ಅಕ್ರೋಟಿನ ವಿಷಯದಲ್ಲಿ ಅವಳ ಭಕ್ತಿ ಗಟ್ಟಿಯಾಗಿತ್ತು. ಒಡೆದರೆ ಒಳಗೆ ಥೇಟು ಮಿದುಳಿನ ಹಾಗೇ ಕಾಣುತ್ತದೆ, ಆದ್ದರಿಂದ ಮಿದುಳಿಗೆ ಒಳ್ಳೆಯದು ಎಂದು ಫೋನು ಹೇಳಿತ್ತು. ಈ ಲೆಕ್ಕದಲ್ಲಿ ಸುವರ್ಣಗಡ್ಡೆ ದೇಹದ ಯಾವ ಭಾಗಕ್ಕೆ ಒಳ್ಳೆಯದು ಎಂದು ನಾನು ಎಷ್ಟೋ ಹೊತ್ತು ಯೋಚಿಸಿದೆ. ಅಕ್ರೋಟು ತಂದುಕೊಟ್ಟವನು ಇಬ್ರಾಹಿಂ. ಭಟ್ಕಳದವನು, ನನ್ನ ಅಂಗಡಿಗೆ ಫ್ರೇಮು ತಂದುಕೊಡುವವನು, ವ್ಯಾಪಾರಿಗಿಂತ ಹೆಚ್ಚಾಗಿ ಸ್ನೇಹಿತ. ಅವನ ತಮ್ಮ ದುಬೈಯಿಂದ ಬರುವಾಗ ತಂದದ್ದರಲ್ಲಿ ಒಂದು ಡಬ್ಬ ನಮಗೆ ಬಂತು. ದಿನವೂ ರಾತ್ರಿ ನೆನೆಸಿ ಬೆಳಿಗ್ಗೆ ನನ್ನ ಕೈಗೆ ಕೊಡುವಳು. ನಾನು ನುಂಗುವೆನು. ಮಿದುಳಿಗೆ ಹೋಯಿತೋ ಏನೋ, ಸುದ್ದಿಯಂತೂ ಬರಲಿಲ್ಲ.

ಡಬ್ಬ ಖಾಲಿಯಾದ ಮೇಲೆ ಸುನಂದೆ ತನ್ನ ಅಡುಗೆಗೆ ಮರಳಿದಳು. ಒಂದೆಲಗದ ತಂಬುಳಿ, ಹೆಸರುಕಾಳಿನ ಪಲ್ಯ, ಮೊಗೆಕಾಯಿ ಹುಳಿ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಊಟದ ಕೊನೆಗೆ ಒಂದು ಮಿಟ್ಲಿ ಬಾಳೆಹಣ್ಣು. ವೈದ್ಯೆ ಹೇಳಿದ್ದೆಲ್ಲವೂ ತಟ್ಟೆಯಲ್ಲಿತ್ತು. ಬದಲಾದದ್ದು ಒಂದೇ. ಸೌಟು ಹಿಡಿದು ಬರುವಳು.

“ಇನ್ನೊಂಚೂರು ಹಾಕ್ಲಾ?”

“ಬೇಡ.”

“ಆತು.”

ಅಷ್ಟೆ. ಈರುಳ್ಳಿಯಿಲ್ಲ, ರೈಲಿಲ್ಲ. ಸೌಟು ತಿರುಗಿ ಪಾತ್ರೆಗೆ ಹೋಗಿ ‘ಟಣ್’ ಎನ್ನುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆ ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ. ಮೊದಲ ದಿನ ಅವಳಿಗೆ ಬೇರೆ ಏನೋ ಯೋಚನೆ ಎಂದುಕೊಂಡೆ. ಮರುದಿನವೂ ‘ಆತು’. ಅದರ ಮರುದಿನವೂ ‘ಆತು’.

ಮನಸ್ಸು ಸರಿಯಿಲ್ಲದವನ ತಲೆ ಇಂಥ ಚಿಕ್ಕ ವಿಷಯವನ್ನು ಹೇಗೆ ಬೆಳೆಸುತ್ತದೆ ಎಂದು ನಿಮಗೆ ಹೇಳಬೇಕು. ಅವಳಿಗೆ ನನ್ನ ಮೇಲೆ ಬೇಸರ ಬಂದಿದೆ ಎಂದುಕೊಂಡೆ. ಬೇಸರ ಬರುವುದು ನ್ಯಾಯವೇ ಎಂದೂ ಅಂದುಕೊಂಡೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಮೂಗನಂತೆ ಕುಳಿತವನಿಗೆ ಎಷ್ಟು ದಿನ ಉಪಚಾರ ಮಾಡಿಯಾಳು? ಇವನಿಗೆ ಬಡಿಸಿ ಪ್ರಯೋಜನವಿಲ್ಲ ಎಂದು ಕೈಬಿಟ್ಟಿದ್ದಾಳೆ ಎಂದು ತೀರ್ಮಾನಿಸಿದೆ. ಕೆಲವು ದಿನ ನಿಜವಾಗಿಯೂ ಹಸಿವಿರುತ್ತಿತ್ತು. ಇನ್ನೊಂದು ಸಲ ಕೇಳಿದ್ದರೆ ತಿನ್ನುತ್ತಿದ್ದೆ. ಆದರೆ ‘ಬಡಿಸು’ ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ನಮ್ಮ ಮನೆಯಲ್ಲೇ, ನನ್ನ ಹೆಂಡತಿಯ ಹತ್ತಿರವೇ, ನೆಂಟನ ಹಾಗೆ ದಾಕ್ಷಿಣ್ಯ ಮಾಡಿಕೊಂಡು ಅರೆಹೊಟ್ಟೆಯಲ್ಲಿ ಏಳುತ್ತಿದ್ದೆ. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಇವರಿಗೆ ಏನೂ ಬೇಡ ಎಂದು ಅವಳೂ, ನಾನು ಯಾರಿಗೂ ಬೇಡ ಎಂದು ನಾನೂ ನಂಬಿಕೊಂಡು ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕುಳಿತಿದ್ದೆವು.

ಹೀಗಿರುವಾಗ ಒಂದು ಬೆಳಿಗ್ಗೆ ಇಬ್ರಾಹಿಂ ಫ್ರೇಮುಗಳ ಪೆಟ್ಟಿಗೆ ಹಿಡಿದು ಮನೆಗೇ ಬಂದ. ಅಂಗಡಿ ತಡವಾಗಿ ತೆರೆಯುತ್ತೇನೆ ಎಂಬುದು ಅವನಿಗೂ ತಿಳಿದಿತ್ತು. ಸುನಂದೆ ಸೌತೆಕಾಯಿಯ ತೆಳ್ಳವು ಎರೆಯುತ್ತಿದ್ದಳು. ತೆಳ್ಳವು ಎಂದರೆ ಹೆಸರಿಗೆ ತಕ್ಕ ಹಾಗೆ ತೆಳ್ಳಗಿನ ದೋಸೆ, ಮೇಲೆ ತುಪ್ಪ, ಬದಿಗೆ ಜೇನಿನಂತೆ ಇಳಿಯುವ ಜೋನಿಬೆಲ್ಲ. ಇಬ್ಬರೂ ಮೇಜಿಗೆ ಕುಳಿತೆವು. ಇಬ್ರಾಹಿಂ ಎರಡು ತಿಂದು ಸಾಕು ಎಂದ. ಸುನಂದೆ ಮೂರನೆಯದನ್ನು ಹಾಕಿ, ಭಟ್ಕಳದಲ್ಲಿ ಮಲ್ಲಿಗೆಗೆ ಈಗ ಎಷ್ಟು ಎಂದು ಕೇಳಿದಳು. ಅವನು ಮಲ್ಲಿಗೆಯ ದರ ಹೇಳುವಷ್ಟರಲ್ಲಿ ನಾಲ್ಕನೆಯದು ಬಿತ್ತು. ಅವನು ಹೊಟ್ಟೆ ಹಿಡಿದುಕೊಂಡು ಕೈಮುಗಿದರೂ ಅವಳು, “ಇದೆಂತ, ಗಾಳಿಗೆ ಹಾರ್ತದೆ, ಇದನ್ನ ತಿಂದ್ರೆ ಎಂತ ಆಗ್ತದೆ?” ಎಂದು ಇನ್ನೊಂದು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇನ್ನೊಂದು ಬೇಕಾ?”

“ಬೇಡ.”

“ಆತು.”

ಕಾವಲಿಗೆಯ ಮೇಲಿನ ತೆಳ್ಳವನ್ನು ತಟ್ಟೆಗೆ ತೆಗೆದಿಟ್ಟು ಮುಚ್ಚಿದಳು. ಇಬ್ರಾಹಿಂ ತುತ್ತು ಕೈಯಲ್ಲೇ ಹಿಡಿದು ನಮ್ಮಿಬ್ಬರನ್ನೂ ನೋಡಿದ.

“ಇದೆಂತ ಭಾಬಿ? ನಾನು ಕೈಮುಗಿದ್ರೂ ಕೇಳೂದಿಲ್ಲ. ಹೆಗಡೇರು ಸುಮ್ಮನೆ ಬೇಡ ಅಂದ್ರೆ ಬಿಟ್ಟೇ ಬಿಟ್ರಲ್ಲ?”

ಸುನಂದೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಒತ್ತಾಯ ಮಾಡ್ಬೇಡಿ ಹೇಳಿ ಡಾಕ್ಟ್ರು ಹೇಳಿದಾರೆ. ಇವ್ರಾಗೇ ಕೇಳ್ಬೇಕಂತೆ.”

“ಇವ್ರು ಕೇಳ್ತಾರಾ?” ಎಂದ ಇಬ್ರಾಹಿಂ. “ಭಾಬಿ, ನಮ್ಮ ಮನೇಲಿ ಒಂದೇ ಸಲ ಕೇಳಿ ಬಿಟ್ರೆ ಅಳಿಯ ತಿರುಗಿ ಈ ಕಡೆ ತಲೆ ಹಾಕೂದಿಲ್ಲ.”

ನಾನು ನಗಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆಯೇ ಮಾತು. “ನಿನಗೆ ನನ್ನ ಮೇಲೆ ಬೇಜಾರು ಬಂತು, ಅದಕ್ಕೇ ಬಿಟ್ಟೆ ಅಂತ ಮಾಡಿದ್ದೆ” ಎಂದೆ.

ಸುನಂದೆ ಒಲೆಯ ಕಡೆಗೆ ಮುಖ ಮಾಡಿ ನಿಂತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಹೊರಗಿನವರ ಎದುರಿಗೆ ಆಡುವ ಭಾಷೆ ಅವಳಿಗೆ ಮರೆತುಹೋಗಿ ಮನೆಮಾತೇ ಬಾಯಿಗೆ ಬಂತು. “ಬೇಜಾರು ಎಂತಕ್ಕೆ ಬತ್ತು? ಒತ್ತಾಯ ಮಾಡಿ ಇನ್ನೂ ಹೆಚ್ಚಾಗ್ತು ಹೇಳಿ ಹೆದ್ರಿಕೆ ಇದ್ದು. ದಿನಾ ಸೌಟು ಹಿಡ್ಕಂಡು ಬಾಯಿ ಕಟ್ಕಂಡು ನಿಂತ್ಕತ್ತೆ. ನಿಂಗ ಬೇಡ ಹೇಳ್ತ್ರಿ. ಯಂಗೆ ಆಮೇಲೆ ಊಟ ಸೇರ್ತೇ ಇಲ್ಲೆ.” ತನಗೂ ಊಟ ಸೇರುವುದಿಲ್ಲ ಎನ್ನುವಷ್ಟರಲ್ಲಿ ದನಿ ಒಡೆಯಿತು. ಇಬ್ರಾಹಿಂ ತೆಳ್ಳವಿನ ತೂತುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಸುನಂದೆ ಮುಚ್ಚಿಟ್ಟ ತೆಳ್ಳವನ್ನು ತಂದು, ಬೇಕೋ ಬೇಡವೋ ಎಂದು ಕೇಳದೆ ನನ್ನ ತಟ್ಟೆಗೆ ಹಾಕಿದಳು. ಅದು ತಣ್ಣಗಾಗಿತ್ತು. ನಾನು ತಿಂದೆ, ರುಚಿ ತಿಳಿಯಲಿಲ್ಲ, ಕಣ್ಣು ಮಾತ್ರ ತುಂಬಿ ಬಂತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಕಥೆಗೆ ಚಂದ. ಹಾಗೇನೂ ಆಗಲಿಲ್ಲ. ಮಾತ್ರೆಯನ್ನು ಈಗಲೂ ನುಂಗುತ್ತೇನೆ, ಕನ್ನಡಕದ ಹಾಗೆಯೇ ಅದೂ ಒಂದು ಆಸರೆ ಎಂದು ಗಿರಾಕಿಗಳಿಗೆ ಕೂಡ ಹೇಳುತ್ತೇನೆ. ಮುಂದಿನ ಸಲ ಹೊನ್ನಾವರಕ್ಕೆ ಹೋದಾಗ ತೆಳ್ಳವಿನ ಪ್ರಸಂಗವನ್ನು ವೈದ್ಯೆಗೆ ಹೇಳಿದೆವು. ಅವರು ಮೊದಲು ಪೆನ್ನು ಕೆಳಗಿಟ್ಟು ನಕ್ಕರು. ಬೈದು ತುರುಕಬಾರದು ಎಂಬ ಅರ್ಥದಲ್ಲಿ ತಾನು ಹೇಳಿದ್ದು, ಈ ಊರಿನಲ್ಲಿ ಬೇಡ ಎನ್ನುವುದಕ್ಕೆ ಇಷ್ಟು ಅರ್ಥಗಳಿವೆ ಎಂದು ತನಗೆ ಯಾರೂ ಕಲಿಸಿಲ್ಲ ಎಂದರು. “ಸರಿ, ಎರಡು ಸಲ ಕೇಳಿ, ಮೂರನೇ ಸಲ ಬಿಟ್ಟುಬಿಡಿ” ಎಂದು ಮಾತ್ರೆಯ ಲೆಕ್ಕದಲ್ಲೇ ಹೇಳಿದರು. ಸುನಂದೆ ತಲೆಯಾಡಿಸಿದಳು. ಎರಡಕ್ಕೇ ನಿಲ್ಲಿಸುವ ಇರಾದೆ ಅವಳಿಗೆ ಇರಲಿಲ್ಲ ಎಂಬುದು ನನಗೆ ಅವಳ ಮುಖದಲ್ಲೇ ಕಂಡಿತು.

ಆಮೇಲೆ ಅಂಗಡಿಯಲ್ಲಿ ಸುಮ್ಮನೆ ಕುಳಿತಾಗ ಇದನ್ನೇ ಯೋಚಿಸುತ್ತಿರುತ್ತೇನೆ. ಮನಸ್ಸಿಗೆ ಕಾಯಿಲೆ ಬಂದಾಗ ಮೊದಲು ಕಳೆದುಹೋಗುವುದು ಆಸೆ. ತಿಂಡಿ ಬೇಕು, ಸಿನಿಮಾ ಬೇಕು, ಹೊಸ ಅಂಗಿ ಬೇಕು ಎಂದು ಹಗಲಿಡೀ ಒಳಗೆ ಗೊಣಗುವ ಒಂದು ಮಗು ಇರುತ್ತದಲ್ಲ, ಅದು ಇದ್ದಕ್ಕಿದ್ದ ಹಾಗೆ ಬಾಯಿ ಮುಚ್ಚಿ ಕುಳಿತುಬಿಡುತ್ತದೆ. ಆಗ ಆ ‘ಬೇಕು’ ಎಂಬ ಮಾತನ್ನು ನಮ್ಮ ಪರವಾಗಿ ಬೇರೆ ಯಾರಾದರೂ ಸ್ವಲ್ಪ ದಿನ ಆಡಬೇಕಾಗುತ್ತದೆ. ಸೊಪ್ಪಿನಲ್ಲಿ ಏನಿದೆ, ಕಾಳಿನಲ್ಲಿ ಏನಿದೆ ಎಂದು ತಿಳಿದವರು ಬರೆದಿದ್ದಾರೆ, ಅದೆಲ್ಲ ನಿಜವಿರಬೇಕು. ಒಂದೆಲಗದ ತಂಬುಳಿಗೆ ನಾನು ಅಗೌರವ ತೋರುತ್ತಿಲ್ಲ. ಆದರೆ ಅದು ಪಾತ್ರೆಯಿಂದ ತಟ್ಟೆಗೆ ಬರಬೇಕಲ್ಲ, ಆ ಒಂದು ಮೊಳ ದೂರದ ಬಗ್ಗೆ ಫೋನಿನಲ್ಲಿ ನಾನು ಏನನ್ನೂ ಓದಲಿಲ್ಲ.

ಈಚೆಗೆ ಕತಗಾಲದ ಕಡೆಯಿಂದ ಅಪ್ಪೆಮಿಡಿ ಬಂತು. ಅಪ್ಪೆ ಎಂದರೆ ಹಳ್ಳದ ದಂಡೆಯಲ್ಲಿ ಬೆಳೆಯುವ, ಘಮಘಮಿಸುವ ಹುಳಿ ಮಾವು. ಎಳೆಯ ಮಿಡಿಗಳನ್ನು ಬೇಯಿಸಿ, ಕಿವುಚಿ, ನೀರು ಉಪ್ಪು ಬೆರೆಸಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟರೆ ಅದು ಅಪ್ಪೆಹುಳಿ. ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಹೆಚ್ಚು. ಕುಡಿದರೆ ನಿದ್ದೆ ಬರುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ವಿಷಯ. ಅದನ್ನು ಕುಡಿದು ಮಧ್ಯಾಹ್ನದ ಮೇಲೆ ಅಂಗಡಿ ತೆರೆದವರನ್ನು ನಾನು ಕಂಡಿಲ್ಲ.

ಆ ಮಧ್ಯಾಹ್ನ ಸುನಂದೆ ನನಗೊಂದು ಲೋಟ ಕೊಟ್ಟು, ತನಗೊಂದು ಇಟ್ಟುಕೊಂಡು ಊಟಕ್ಕೆ ಕುಳಿತಳು. ನಾನು ಒಂದು ಗುಟುಕು ಕುಡಿದೆ. ಹುಳಿ ಹಲ್ಲಿಗೆ ತಾಗಿತು, ಇಂಗು ಮೂಗಿಗೆ ಬಂತು, ಮೆಣಸು ಗಂಟಲಿನಲ್ಲಿ ಚುರುಕ್ ಎಂದಿತು. ಎಲ್ಲವೂ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು ಲೋಟವನ್ನು ಮುಂದೆ ಚಾಚಿದೆ. “ಇನ್ನೊಂದು ಲೋಟ ಕೊಡು” ಎಂದೆ.

ಸುನಂದೆಯ ಕೈ ಅನ್ನದಲ್ಲೇ ನಿಂತಿತು. ಎದ್ದು ಪಾತ್ರೆ ಬಗ್ಗಿಸಿದಳು. ತಳದಲ್ಲಿ ಒಂದು ಕರಿಬೇವಿನ ಎಲೆ ಮಾತ್ರ ಇತ್ತು. ಇಷ್ಟು ತಿಂಗಳು ನನ್ನ ಅರೆಹೊಟ್ಟೆಯ ಅಳತೆಗೆ ಅಡುಗೆ ಮಾಡಿ ಮಾಡಿ ಅವಳ ಕೈ ಹಾಗೇ ಒಗ್ಗಿಹೋಗಿತ್ತು. “ಖಾಲಿ ಆತು” ಎಂದಳು. ತಾನಿನ್ನೂ ಮುಟ್ಟಿರದ ಲೋಟವನ್ನು ತಂದು ನನ್ನದಕ್ಕೆ ಸುರಿದಳು. ಒಂದು ಹನಿಯನ್ನೂ ಉಳಿಸಲಿಲ್ಲ. “ನಾಳೆಂದ ದೊಡ್ಡ ಪಾತ್ರೆ ಇಡ್ತೆ” ಎಂದಳು.

ಊಟವಾದ ಮೇಲೆ ಚಾವಡಿಯಲ್ಲಿ ಚಾಪೆ ಹಾಸಿ, ಸ್ವಲ್ಪ ಬೆನ್ನು ಚಾಚುತ್ತೇನೆ ಎಂದು ಮಲಗಿದಳು. ಮಳೆಗಾಲದಿಂದಲೂ ನನ್ನ ಉಸಿರನ್ನೇ ಆಲಿಸುತ್ತ ಮಗ್ಗುಲು ಬದಲಿಸುತ್ತಿದ್ದವಳು, ತಲೆ ಇಟ್ಟ ಕೂಡಲೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆಯೂ ಇತ್ತು. ಎರಡೂ ಲೋಟ ಅಪ್ಪೆಹುಳಿ ಕುಡಿದವನು ನಾನು. ಅಂಗಡಿಯ ಹೊತ್ತಾಗಿತ್ತು. ಎದ್ದರೆ ಕುಳಿತ ಬೆಂಚಿನ ಹಲಗೆ ಸದ್ದು ಮಾಡೀತು ಎಂದು ಅಲ್ಲೇ ಕುಳಿತು ನೋಡುತ್ತಿದ್ದೆ.